ಹೊನ್ನಕ್ಕನ ದೊಡ್ಡ ಮೊಟ್ಟೆಗಳು

ಮಕ್ಕಳೇ, ಬೆಟ್ಟದ ಬುಡದ ಬಿದಿರು ಮೆಳೆಯಲ್ಲಿ ಕಾಡುಕೋಳಿಗಳ ಒಂದು ಸಂಸಾರವಿತ್ತು. ಎಲ್ಲರೂ ಒಂದೇ ಗೂಡಿನಲ್ಲಿ ಮೊಟ್ಟೆ ಇಡುವುದು, ಬೋರಮ್ಮನೆಂಬ ಕೋಳಿ ಎಲ್ಲರ ಪರವಾಗಿ ಕಾವು ಕೂರುವುದು, ಉಳಿದವರು ಅವಳಿಗೆ ಗೆದ್ದಲು ಹೆಕ್ಕಿ ತಂದು ಕೊಡುವುದು ಅಲ್ಲಿಯ ಪದ್ಧತಿ.

ಆ ವರ್ಷ ಚುಕ್ಕಿ ಎಂಬ ಎಳೆಯ ಕೋಳಿ ಮೊದಲ ಬಾರಿಗೆ ಮೊಟ್ಟೆ ಇಟ್ಟಳು. ಮೂರೇ ಮೂರು, ಪುಟ್ಟ ಪುಟ್ಟವು. ಅವುಗಳ ಮೇಲೆ ಅವಳಿಗೆ ಎಲ್ಲಿಲ್ಲದ ಆಸೆ. ಸಂಭ್ರಮದಿಂದ ಗೂಡಿಗೆ ತಂದಿಟ್ಟಳು.

ಮೆಳೆಯ ಹಿರಿಯಳು ಹೊನ್ನಕ್ಕ. ಬಾಲದ ಗರಿ ಉದುರಿದ್ದರೂ ಜಂಬ ಮಾತ್ರ ಉದುರಿರಲಿಲ್ಲ. "ಇದೇನೇ, ಗೋಲಿ ಆಡೋಕೆ ತಂದಿದ್ದೀಯಾ? ನನ್ನ ಮೊಟ್ಟೆ ನೋಡು, ಎಷ್ಟು ದಪ್ಪ! ಬೋರಮ್ಮನ ರೆಕ್ಕೆಯಡಿ ಜಾಗ ಇರೋದು ಇಂಥವಕ್ಕೆ" ಎಂದಳು.

"ಹೊನ್ನಕ್ಕ, ಸಿಟ್ಟಾಗಬೇಡಿ" ಎಂದಳು ಬೋರಮ್ಮ ಮೆಲ್ಲಗೆ. "ವಯಸ್ಸಾದ ಹಾಗೆ ಮೊಟ್ಟೆ ದೊಡ್ಡದಾಗುತ್ತೆ, ಚಿಪ್ಪು ತೆಳುವಾಗುತ್ತೆ. ಚುಕ್ಕಿಯವು ಚಿಕ್ಕವಾದರೂ ಗಟ್ಟಿ. ಇರಲಿ ಬಿಡಿ."

"ಯಾರಿಗೇ ವಯಸ್ಸಾಗಿದ್ದು?" ಹೊನ್ನಕ್ಕ ರೇಗಿ, ಕಾಲಿನಿಂದ ಚುಕ್ಕಿಯ ಮೊಟ್ಟೆಗಳನ್ನು ಕೆರೆದು ಹೊರಗೆ ಎಸೆದಳು. ಎರಡು ತರಗೆಲೆಯ ಮೇಲೆ ಉರುಳಿದವು. ಮೂರನೆಯದು ಕಲ್ಲಿಗೆ ಬಡಿದು ಒಡೆದೇ ಹೋಯಿತು.

ಚುಕ್ಕಿಯ ಮೈಯೆಲ್ಲ ಉರಿಯಿತು. ಹೊನ್ನಕ್ಕನ ಮೇಲೆ ಸಿಟ್ಟು, ಎಸೆಯುವಾಗ ತಡೆಯದೆ ಕೂತ ಬೋರಮ್ಮನ ಮೇಲೂ ಸಿಟ್ಟು. "ನನ್ನ ಮೊಟ್ಟೆಗೆ ನಾನೇ ಕೂರ್ತೀನಿ!" ಎಂದವಳೇ ಉಳಿದೆರಡನ್ನೂ ಕಾರೆ ಪೊದೆಯ ಕೆಳಗೆ ಉರುಳಿಸಿಕೊಂಡು ಹೋದಳು.

ಅಭ್ಯಾಸವಿಲ್ಲದ ಕೆಲಸ. ಹೊಟ್ಟೆ ಚುರುಗುಟ್ಟಿತು, ಕಾಲು ಮರಗಟ್ಟಿತು. ಎದ್ದು ಹೋಗಿಬಿಡೋಣ ಎನ್ನಿಸಿದಾಗಲೆಲ್ಲ ಒಡೆದ ಮೊಟ್ಟೆ ನೆನಪಾಗಿ ಮತ್ತಷ್ಟು ಬಿಗಿಯಾಗಿ ಕೂತಳು.

ಅತ್ತ, ಬೇರೆ ಯಾರಿಗೂ ಜಾಗ ಬಿಡದೆ ಹೊನ್ನಕ್ಕ ತನ್ನ ಮೊಟ್ಟೆಗಳನ್ನೇ ತುಂಬಿದ್ದ ದೊಡ್ಡ ಗೂಡಿನಲ್ಲಿ ಬೋರಮ್ಮ ಮೊಟ್ಟೆ ಹೊರಳಿಸುವಾಗಲೇ ಕೆಲವು ಬಿರುಕು ಬಿಟ್ಟವು, ಇರುವೆ ಮುತ್ತಿತು. ಮಿಕ್ಕವು ತೆಳು ಚಿಪ್ಪಿನೊಳಗೇ ಒಣಗಿದವು. ಒಂದೂ ಮರಿಯಾಗಲಿಲ್ಲ.

"ನೆಟ್ಟಗೆ ಕೂರೋಕೂ ಬರಲ್ಲವಾ ನಿನಗೆ!" ಎಂದು ಹೊನ್ನಕ್ಕ ಬೋರಮ್ಮನನ್ನು ಕುಕ್ಕತೊಡಗಿದಳು. ಆಗಲೇ ಚುಕ್ಕಿ ಎರಡು ಮರಿಗಳೊಂದಿಗೆ ಪೊದೆಯಿಂದ ಹೊರಬಂದಳು.

"ಅವಳನ್ನ ಯಾಕೆ ಕುಕ್ತೀರಾ?" ಎಂದು ಕೂಗಿದಳು. "ನಿಮಗೆ ವಯಸ್ಸಾಗಿದ್ದಕ್ಕೆ ನನಗೆ ಸಿಟ್ಟಿಲ್ಲ. ನಾಳೆ ನನಗೂ ಆಗುತ್ತೆ. ಅದನ್ನ ಒಪ್ಪಿಕೊಳ್ಳದೆ ಗೂಡನ್ನೆಲ್ಲ ನೀವೇ ಆಕ್ರಮಿಸಿಕೊಂಡಿರಲ್ಲ, ಅದಕ್ಕೆ ಸಿಟ್ಟು! ಮೆಳೆಗೆಲ್ಲ ಈ ವರ್ಷ ಇರೋದು ಇವೆರಡೇ ಮರಿ!"

ಹೊನ್ನಕ್ಕ ಮರಿಗಳ ಕಡೆಗೆ ಬಾಗಿ, ರೆಕ್ಕೆ ಅಗಲಿಸಿ, "ಒಂದನ್ನ ಒಂದು ಗಳಿಗೆ ನನ್ನ ಹತ್ತಿರ ಬಿಡೇ" ಎಂದಳು.

"ಬಿಡಲ್ಲ" ಎಂದಳು ಚುಕ್ಕಿ. ಮರಿಗಳನ್ನು ಕರೆದುಕೊಂಡು ನಡೆದುಬಿಟ್ಟಳು. ಹೊನ್ನಕ್ಕನ ರೆಕ್ಕೆ ಇನ್ನೂ ಅಗಲಿಸಿಯೇ ಇತ್ತು.

ನೀತಿ: ತಮಗೆ ವಯಸ್ಸಾದುದನ್ನು ಒಪ್ಪದೆ ಎಳೆಯರ ಜಾಗ ಕಿತ್ತುಕೊಳ್ಳುವವರು ತಮ್ಮ ಪಾಲನ್ನೂ ಕಳೆದುಕೊಳ್ಳುತ್ತಾರೆ.