ಕಡೇ ಸಾಲಿಗೆ ಮುಟ್ಟಿದ ಪಿಸುಮಾತು

ಹತ್ತಿರ ಬಾ, ಮೆಲ್ಲಗೆ ಹೇಳ್ತೀನಿ. ಯಾರ ಮುಂದೂ ಬಾಯಿ ಬಿಡಬೇಡ. ನಮ್ಮ ಓಣಿಯ ಪಾರತೆವ್ವ ನಲವತ್ತು ವರ್ಷ ಕಂಪನಿ ನಾಟಕದಾಗ ಪಾತ್ರ ಮಾಡಿದಾಕಿ. ಕಲಾವಿದರ ತರಬೇತಿ ಶಿಬಿರಕ್ಕೆ ಹೋದರೆ, ಪಟ್ಟಣದ ಮೇಷ್ಟ್ರು ಮೈಕ್ ಹಿಡಿದು, “ನಿಮ್ಮದು ಬರೀ ಕಿರುಚಾಟ, ಅಮ್ಮ. ಪಿಸುಮಾತು ಕಲಿಯದಿದ್ದರೆ ಸರ್ಟಿಫಿಕೇಟ್ ಇಲ್ಲ” ಅಂದರಂತೆ. ಸರ್ಟಿಫಿಕೇಟ್ ಇಲ್ಲದವರಿಗೆ ಇನ್ನು ಪಾತ್ರವೂ ಇಲ್ಲ.

“ಮೈಕ್ ಕೆಳಗಿಟ್ಟು ನೀವೇ ಒಮ್ಮೆ ತೋರಸ್ರಿ ಸರ” ಅಂದಳು ಪಾರತೆವ್ವ.

ಮೇಷ್ಟ್ರು ಪಿಸುಗುಟ್ಟಿದರು. ಮುಂದಿನ ಸಾಲಿನವರೇ ಕಿವಿ ಮುಂದೆ ಮಾಡಿದರು. ಆಮೇಲೆ ಪಾರತೆವ್ವ ತುಟಿ ಅಲುಗಿದ್ದೂ ಕಾಣದಂಗ, “ಪಾಪ, ಸರ ದಣದಾರ. ಒಂದು ಚಾ ತರ್ರಿ” ಅಂದಳು. ಕಡೇ ಸಾಲಿನ ಆಚೆ, ಬಾಗಿಲಲ್ಲಿ ನಿಂತಿದ್ದ ಚಾದಂಗಡಿ ಮುದುಕ ಕಪ್ಪು ಹಿಡಿದು ಬಂದೇಬಿಟ್ಟ!

ಮೇಷ್ಟ್ರು ಚಾ ಕುಡಿದು ಕಪ್ಪು ಕೆಳಗಿಟ್ಟರು. “ಅಮ್ಮ, ನಾಳೆ ಪಾಠ ನೀವೇ ಮಾಡಿ” ಅಂದರು.

ಇಷ್ಟನ್ನೂ ಮೆಲ್ಲಗೇ ಹೇಳಿದ್ದೆ. ಪಕ್ಕದ ಮನೆ ನೀಲವ್ವ ಬಂದು ಮುಖಕ್ಕೇ ಅಂದಳು: “ಯಕ್ಕಾ, ಸರ್ಟಿಫಿಕೇಟ್ ನಿನಗೂ ಕೊಡಬೇಕು. ನಮ್ಮ ಹಿತ್ತಲತನಕ ಕೇಳಿಸ್ತು.”