ಹಲ್ಲಿನೊಳಗಿನ ಆನೆ

ಹುಳುಕು ಕಂಡಲ್ಲಿ ಕುಟ್ಟಿ ತೆಗೆಯುವುದೊಂದೇ ಮರಕುಟಿಗನಿಗೆ ಗೊತ್ತಿದ್ದ ಚಿಕಿತ್ಸೆ. ದವಡೆಹಲ್ಲಿನ ನೋವಿಗೆ ಎಂಟು ದಿನದಿಂದ ಮೇವು ಮುಟ್ಟದ ಮುದಿ ಹೆಣ್ಣಾನೆ ಅವನನ್ನು ಕರೆಸಿ ಬಾಯಿ ತೆರೆದಳು.

"ಕುಟ್ಟಿ ಉದುರಿಸಿಬಿಡಿ, ವೈದ್ಯರೇ. ಇದೊಂದು ಹೋದರೆ ಬದುಕಿದೆ."

"ಅದೆಷ್ಟರ ಕೆಲಸ, ಅಜ್ಜಿ!" ಎಂದು ಒಳಹೊಕ್ಕ ಮರಕುಟಿಗ, ಮರವನ್ನು ಪರೀಕ್ಷಿಸುವ ಹಾಗೆಯೇ ಹಲ್ಲನ್ನು ಒಮ್ಮೆ ಕುಟ್ಟಿ ಕಿವಿಯಿಟ್ಟ. ಪೊಳ್ಳು ಸದ್ದು ಬರಲಿಲ್ಲ. ಹಲ್ಲಿನ ಬೇರಿನಿಂದ ಗುಡುಗಿನಂಥ ಎದೆಬಡಿತ ಕೇಳಿಬಂತು, ಅದರ ಹಿಂದೆ ಖಾಲಿ ಹೊಟ್ಟೆಯ ಮೊರೆತ. ಅವನ ಗರಿ ನಿಮಿರಿತು. ಬಗ್ಗಿ ನೋಡಿದರೆ ಹಲ್ಲು ಹುಳುಕಾಗಿರಲೇ ಇಲ್ಲ. ಬೀಸುವ ಕಲ್ಲಿನ ಹಾಗೆ ಸವೆದಿತ್ತು.

"ಅಜ್ಜಿ, ಯಾರ ಮೇಲೆ ಹಲ್ಲು ಮಸೆಯುತ್ತಿದ್ದೀರಿ?"

ಆನೆ ಹೊಳೆಯ ಕಡೆಗೊಮ್ಮೆ ನೋಡಿದಳು. "ನನ್ನ ತಂಗಿಯ ಮೇಲೆ. ಮೂರು ಮಳೆಗಾಲವಾಯಿತು, ನನ್ನ ಬದಲು ಹಿಂಡನ್ನು ನೀರಿಗೆ ನಡೆಸುವವಳು ಈಗ ಅವಳೇ. ಅಂದೇ ಹಿಂಡು ಬಿಟ್ಟು ಬಂದೆ, ಅಂದಿನಿಂದ ನನಗೆ ನಿದ್ದೆಯಿಲ್ಲ. ನಿಮಗೆ ಯಾರು ಹೇಳಿದರು?"

"ಹಲ್ಲೇ ಹೇಳಿತು. ಇದನ್ನು ಉದುರಿಸಿದರೆ ನಾಳೆ ಪಕ್ಕದ್ದನ್ನು ಮಸೆಯುತ್ತೀರಿ. ಮೊದಲು ಹೊಳೆಗೆ ನಡೆಯಿರಿ."

ಹೊಳೆಯಲ್ಲಿದ್ದ ತಂಗಿ ಅಕ್ಕನನ್ನು ಕಂಡವಳೇ ಸೊಂಡಿಲು ತುಂಬ ನೀರೆತ್ತಿ ಬೆನ್ನಿಗೆ ಸುರಿದಳು. "ಎಲ್ಲಿ ಹೋಗಿದ್ದೆ ಅಕ್ಕಾ? ನೀನಿಲ್ಲದೆ ಎರಡು ಸಲ ದಾರಿ ತಪ್ಪಿದೆ."

ಬಿಗಿದ ದವಡೆ ಸಡಿಲಿತು. ಮುದುಕಿ ಮೆಲ್ಲನೆ ಎಳೆಬಿದಿರು ಅಗಿಯತೊಡಗಿದಳು.

ದಡದ ಮರದಲ್ಲಿ ಮರಕುಟಿಗ ಕುಟ್ಟುವುದನ್ನೇ ಮರೆತು ಕುಳಿತಿದ್ದ. ಆನೆಯೊಳಗೆ ಒಂದು ಹಲ್ಲಿದೆಯೆಂದು ಹೊಕ್ಕಿದ್ದ ಅವನು; ಹಲ್ಲಿನೊಳಗೆ ಇಡೀ ಆನೆ ಇತ್ತು.