ಜರ್ಮನಿ ಗೊಟ್ಲಪ್ಪ ಗಣಿಯ ಬಾಯಿ ಮುಚ್ಚಿದ್ದು

ನಮ್ಮ ಅಜ್ಜನ ಅಜ್ಜ ತೊಟ್ಟಿಲಲ್ಲಿದ್ದನೋ, ಇನ್ನೂ ಹುಟ್ಟೇ ಇರಲಿಲ್ಲವೋ, ಅಷ್ಟು ಹಿಂದಿನ ಮಾತು. ಈ ಕರಿಗುಡ್ಡದಲ್ಲಿ ಆಗ ನಲವತ್ತು ಮನೆ, ಒಂದು ಬಾವಿ, ಒಂದು ಬಸವಣ್ಣನ ಗುಡಿ. ಅಷ್ಟೇ ಊರು. ಬಸವಣ್ಣನನ್ನು ನೆನೆದೇ ಹೇಳಲು ಕೂಡುತ್ತೇನೆ.

ಕುರಿ ಕಾಯುವವನೊಬ್ಬ ಗುಡ್ಡದ ಮಗ್ಗುಲಲ್ಲಿ ಮೂರು ಕರಿ ಕಲ್ಲು ಹೂಡಿ ರೊಟ್ಟಿ ಸುಡಲು ಬೆಂಕಿ ಹಚ್ಚಿದನಂತೆ. ಕಟ್ಟಿಗೆ ಉರಿದು ಬೂದಿಯಾಯಿತು. ಒಲೆಯ ಕಲ್ಲು ಮಾತ್ರ ಉರಿಯುತ್ತಲೇ ಇತ್ತು. ರೊಟ್ಟಿ ಅಲ್ಲಿಯೇ ಬಿಟ್ಟು, ಕುರಿಯನ್ನೂ ಬಿಟ್ಟು, ಓಡಿ ಬಂದನಂತೆ. ಸುದ್ದಿ ಊರಿಂದ ಊರಿಗೆ ಹೋಗಿ ಟೋಪಿಯವರ, ಅಂದರೆ ಬಿಳಿ ದೊರೆಗಳ, ಕಿವಿಗೆ ಬಿತ್ತು. ಅವರು ಬಂದರು, ಕಲ್ಲು ಮೂಸಿದರು, ಇದು ಕಲ್ಲಿದ್ದಲು ಎಂದರು. ಗುಡ್ಡ ಕೊರೆಯಲು ಜರ್ಮನಿ ದೇಶದಿಂದ ಒಬ್ಬನನ್ನು ಕರೆಸಿದರು.

ಅವನ ಹೆಸರು ಗೊಟ್ಲೀಬ್. ನಮ್ಮವರ ಬಾಯಲ್ಲಿ ಗೊಟ್ಲಪ್ಪ ಆದ. ಅವನ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ನೆಲದ ಹೊಟ್ಟೆಯಲ್ಲಿ ಕಲ್ಲಿದ್ದಲು ಕಡಿದವರೇ ಅಂತೆ. ಆಳು ಎಷ್ಟು ಎತ್ತರ ಅಂದರೆ ನಮ್ಮ ಮನೆಗಳ ಬಾಗಿಲಲ್ಲಿ ಎರಡು ಸಲ ಬಾಗಬೇಕಿತ್ತು ಅಂತಾರೆ. ಹಡಗಿನಲ್ಲಿ ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಬಂದಿದ್ದ. ಹೆಂಡತಿ ಮಾರ್ಥಾ ನಮಗೆ ಮಾರ್ತವ್ವ. ಮಗ ರುಡಾಲ್ಫ್ ನಮಗೆ ರುದ್ರಪ್ಪ. ಬಂದಾಗ ಹಾಲುಗಲ್ಲದ ಹುಡುಗ. ನಮ್ಮ ರೊಟ್ಟಿ, ನಮ್ಮ ಖಾರ ತಿಂದೇ ಇಪ್ಪತ್ತು ವರ್ಷದ ಆಳಾಗಿ ಬೆಳೆದ. ಮಾತು ನಮ್ಮದೇ, ಬೈಗುಳವೂ ನಮ್ಮದೇ. ಕೂದಲು ಮಾತ್ರ ಜೋಳದ ದಂಟಿನ ಬಣ್ಣ.

ಗೊಟ್ಲಪ್ಪನಿಗೆ ಎರಡು ಹಟ ಇದ್ದವು ಅಂತಾರೆ.

ಮೊದಲನೆಯದು, ಸುರಂಗದ ಪ್ರತಿಯೊಂದು ತಿರುವಿನಲ್ಲೂ ಒಂದು ಗುಡ್ಡೆ ನಾದಿದ ಮಣ್ಣು, ಒಂದು ಕೊಡ ನೀರು ಇರಲೇಬೇಕು. ಮಣ್ಣು ಒಣಗಿದರೆ ಮತ್ತೆ ನಾದಬೇಕು. ಯಾತಕ್ಕೆ ಅಂತ ಕೇಳಿದರೆ, ಒಳಗೆ ಬೆಂಕಿ ಬಿದ್ದರೆ ಅಡ್ಡ ಗೋಡೆ ಮೆತ್ತಿಕೊಂಡು ಹಿಂದೆ ಕೂಡಬೇಕು, ನಮ್ಮ ದೇಶದಲ್ಲಿ ಹಾಗೇ ಜೀವ ಉಳಿಸಿಕೊಳ್ಳುತ್ತಾರೆ ಅನ್ನುತ್ತಿದ್ದ. ಕೆಲಸದವರಿಗೆ ಅದು ನಗೆಚಾಟಿಕೆ. ಅವರ ಮುಂದಾಳು ದ್ಯಾಮಣ್ಣ ಅಂತ ಒಬ್ಬ ಇದ್ದ. "ಏನ್ರೀ ಸಾಹೇಬ್ರ, ದಿನಾ ಮಣ್ಣು ನಾದಸ್ತೀರಿ. ಮಗನ್ನ ಕುಂಬಾರ್ರ ಮನೀಗೆ ಅಳಿಯನ್ನ ಮಾಡ್ತೀರೇನು?" ಅಂದನಂತೆ. ರುದ್ರಪ್ಪ ಬಿಟ್ಟನೇ? "ಹೌದು ಕಾಕಾ, ಮೊದಲ ಗಡಿಗಿ ನಿನ್ನ ತಲೀಗೇ ಅಳತಿ ಮಾಡ್ತೀನಿ," ಅಂದ. ಗೊಟ್ಲಪ್ಪನೂ ನಕ್ಕ. ಆದರೆ ಮಣ್ಣು ನಾದುವುದು ತಪ್ಪಲಿಲ್ಲ.

ಎರಡನೆಯದು, ಒಳಗೆ ಬೆಂಕಿ ಒಯ್ಯಬಾರದು. ಕಲ್ಲಿದ್ದಲಿನ ಸಂದಿಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು ಗಾಳಿ ಇರುತ್ತದೆ, ಕಿಡಿ ಕಂಡರೆ ಸಿಡಿಯುತ್ತದೆ ಅಂತ ಅವನು ಹೇಳುತ್ತಿದ್ದ. ಸಣ್ಣ ತಂತಿಜಾಲರಿ ಹೊದಿಸಿದ ಕಂದೀಲು ಮಾತ್ರ ಒಳಗೆ ಹೋಗಬಹುದು. ಹೋಗುವವರ ಸೊಂಟ ಮುಟ್ಟಿ ನೋಡುತ್ತಿದ್ದ. ಬೀಡಿ, ಚಕಮಕಿ ಎಲ್ಲ ಬಾಗಿಲಲ್ಲೇ ಇಡಬೇಕು. ಒಬ್ಬರೂ ಎದುರು ಆಡಲಿಲ್ಲ. ಎಷ್ಟೋ ವರ್ಷ ಹಾಗೇ ನಡೆಯಿತು.

ಈಗ ತಪ್ಪು ಎಲ್ಲಿ ಆಯಿತು ಅಂತ ಹೇಳುತ್ತೇನೆ, ಕೇಳಿ.

ಕಾರ್ತಿಕ ಮಾಸದಲ್ಲಿ ನಮ್ಮವರು ಅನ್ನ ಕೊಡುವ ಜಾಗಕ್ಕೆಲ್ಲ ಪಣತಿಯ ದೀಪ ಇಡುತ್ತಾರೆ. ಹೊಲದ ಬದುವಿಗೆ ಇಡುತ್ತಾರೆ, ನೇಕಾರ ಮಗ್ಗದ ಕುಣಿಗೆ ಇಡುತ್ತಾನೆ, ಕಮ್ಮಾರ ತಿದಿಯ ಮುಂದೆ ಇಡುತ್ತಾನೆ. ಗಣಿಯವರು ಪ್ರತಿ ವರ್ಷ ಗಣಿಯ ಬಾಯಿಯ ಹೊರಗೆ ಇಡುತ್ತಿದ್ದರು. ಆ ವರ್ಷ ಒಳಗೆ ಹೊಸ ಕವಲು ಕಡಿದಿದ್ದರು. ಅಲ್ಲಿ ಕಲ್ಲಿದ್ದಲು ಆಳೆತ್ತರ ಸಿಕ್ಕಿತ್ತು. ದ್ಯಾಮಣ್ಣನ ಮನಸ್ಸಿಗೆ ಬಂತು: ಇಷ್ಟು ಕೊಟ್ಟ ತಾಯಿ ಕತ್ತಲಲ್ಲಿ ಕೂತಿದ್ದಾಳೆ, ಹೊರಗೆ ದೀಪ ಇಟ್ಟು ಕೈ ಮುಗಿದರೆ ಆಯಿತೇ?

ದ್ಯಾಮಣ್ಣ ದುಷ್ಟನಲ್ಲ. ಸಾಹೇಬನ ಮಾತು ಮೀರುವವನೂ ಅಲ್ಲ. ಒಳಗೆ ಹೋಗಿ ಒಂದು ದಿನವೂ ಬೀಡಿ ಸೇದಿದವನಲ್ಲ. ಬೆಂಕಿ ಅಂದರೆ ಬೀಡಿಯದು, ಒಲೆಯದು ಅಂತ ಅವನು ತಿಳಿದಿದ್ದ. ದೇವರ ಮುಂದಿನ ಪಣತಿಯನ್ನು ಬೆಂಕಿ ಅಂತ ಯಾರಾದರೂ ಅಂದಾರೆಂದು ಅವನಿಗೆ ಹೊಳೆಯಲೇ ಇಲ್ಲ. ನಾನೂ ದಿನಾ ದೀಪ ಹಚ್ಚುವವನು. ಅವನ ಜಾಗದಲ್ಲಿ ನಾನಿದ್ದರೆ ನನಗೂ ಹೊಳೆಯುತ್ತಿರಲಿಲ್ಲವೋ ಏನೋ.

ಒಂದು ಸೋಮವಾರ ಮುಂಜಾನೆ ಪಣತಿ, ಎಣ್ಣೆ, ಬತ್ತಿ, ಚಕಮಕಿ ಎಲ್ಲವನ್ನೂ ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡು ಹೋದ. ಪೂಜೆಯ ಸಾಮಾನು ಸೊಂಟದಲ್ಲಿ ಯಾರು ಕಟ್ಟಿಕೊಳ್ಳುತ್ತಾರೆ? ಗೊಟ್ಲಪ್ಪ ಸೊಂಟ ಮುಟ್ಟಿ ನೋಡಿ ಒಳಗೆ ಬಿಟ್ಟ. ದ್ಯಾಮಣ್ಣನ ಹಿಂದೆ ಬಾಳಪ್ಪ ಅನ್ನುವ ಕೂಲಿಯವನು ಹೋದ, ಅವನ ಹಿಂದೆ ರುದ್ರಪ್ಪ. ಉಳಿದ ಮೂವತ್ತು ಮಂದಿ ಇನ್ನೂ ಹೊರಗೆ ಗುದ್ದಲಿಗೆ ಹಿಡಿಕೆ ಕೂಡಿಸುತ್ತಿದ್ದರು.

ಆಗ ಗುಡ್ಡ ಕೆಮ್ಮಿತು ಅಂತಾರೆ.

ಒಂದೇ ಸಲ. ಗಣಿಯ ಬಾಯಿಂದ ಕರಿ ಧೂಳು, ಆಮೇಲೆ ಹೊಗೆ, ಹೊಗೆಯ ಹಿಂದೆ ಕೆಂಪು. ಊರಿನ ಹಂಚು ಕದಲಿದವು. ಹೆಂಗಸರು ಕೈಯ ಹಿಟ್ಟು ತೊಳೆಯದೇ ಓಡಿ ಬಂದರು. ಮೂವತ್ತು ಮಂದಿ ಕೊಡ, ಗುದ್ದಲಿ ಹಿಡಿದು ಒಳಗೆ ನುಗ್ಗಲು ಹೋದರು. ಅಲ್ಲಿ ಗೊಟ್ಲಪ್ಪ ಹಾರೆ ಅಡ್ಡ ಹಿಡಿದು ನಿಂತಿದ್ದ.

"ಯಾರೂ ಹೋಗಬ್ಯಾಡ್ರಿ," ಅಂದ. "ಗಾಳಿ ಹೋದ್ರ ಬೆಂಕಿ ಬೆಳೀತದ. ಇನ್ನೊಮ್ಮೆ ಸಿಡೀತದ. ಬಾಯಿ ಮುಚ್ಚಬೇಕು."

ಜನಕ್ಕೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಒಳಗ ಜೀವ ಅದಾವಲ್ಲೋ ಯಪ್ಪಾ!" ಅಂತ ದ್ಯಾಮಣ್ಣನ ಹೆಂಡತಿ ತಿಪ್ಪವ್ವ ಕೂಗಿದಳು.

"ಮೂರು ಜೀವ," ಅಂದ ಗೊಟ್ಲಪ್ಪ. "ಒಂದು ನಂದು."

ಅಷ್ಟು ಹೇಳಿ ಹಾರೆ ಬಿಸಾಕಿ ಮಣ್ಣಿಗೆ ಕೈ ಹಾಕಿದ. ಒಬ್ಬರೂ ಜೊತೆ ಕೂಡಲಿಲ್ಲ. ಒಬ್ಬರಿಗೂ ತಡೆಯುವ ತ್ರಾಣವೂ ಇರಲಿಲ್ಲ. ಆ ಎತ್ತರದ ಆಳು ಮಂಡಿಯೂರಿ, ಕಲ್ಲಿಟ್ಟು, ಕಲ್ಲಿನ ಸಂದಿಗೆ ಮಣ್ಣು ಮೆತ್ತಿ, ಮಗ ಇದ್ದ ಗಣಿಯ ಬಾಯಿಯನ್ನು ತನ್ನ ಕೈಯಾರೆ ಮುಚ್ಚಿದ. ಕೊನೆಯ ತೂತಿನಿಂದ ಬರುತ್ತಿದ್ದ ಹೊಗೆಯ ಎಳೆ ನಿಂತಿತು. "ನಿನ್ನ ಕೈ ಸೇದಿ ಹೋಗಲಿ!" ಅಂತ ತಿಪ್ಪವ್ವ ಮಣ್ಣು ತೂರಿದಳು. ಅವನು ತಲೆ ಎತ್ತಲಿಲ್ಲ. ಮಾರ್ತವ್ವ ಬಂದಳು. ಗೋಡೆ ನೋಡಿದಳು, ಗಂಡನ ಕೈ ನೋಡಿದಳು. ಅವಳೂ ಗಣಿಯವರ ಮನೆಯ ಮಗಳೇ ಅಂತೆ, ಅವಳಿಗೆ ಹೇಳಬೇಕಾಗಿರಲಿಲ್ಲ. ಗಂಡನಿಗೆ ಬೆನ್ನು ಮಾಡಿ ಕೂತಳು. ಅವನ ಕೈಯ ನೀರನ್ನು ಮುಟ್ಟಲಿಲ್ಲ.

ಮೂರು ದಿನ ಅಂತಾರೆ. ಐದು ದಿನ ಅನ್ನುವವರೂ ಇದ್ದಾರೆ. ಗೊಟ್ಲಪ್ಪ ಮನೆಗೆ ಹೋಗಲಿಲ್ಲ. ಹೊತ್ತಿಗೊಮ್ಮೆ ಎದ್ದು ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದ. ಬಿಸಿ ಇತ್ತು. ಮತ್ತೆ ಕೂಡುತ್ತಿದ್ದ. ಊರಲ್ಲಿ ಒಲೆ ಹೊತ್ತಲಿಲ್ಲ. ಬಸವಣ್ಣನ ಗುಡಿಯ ಪೂಜಾರಿಯೂ ಗಂಟೆ ಬಾರಿಸಲು ಹೆದರಿದನಂತೆ. ಮಗನನ್ನು ಹುಗಿದವನ ಊರಿದು, ಇಲ್ಲಿ ದೇವರನ್ನು ಹೇಗೆ ಕರೆಯಲಿ ಅಂದನಂತೆ.

ಕೊನೆಗೆ ಒಂದು ಮಧ್ಯಾಹ್ನ ಅಂಗೈಗೆ ಮಣ್ಣು ತಣ್ಣಗೆ ಹತ್ತಿತು. ಗೋಡೆ ಒಡೆದು ಕೆಟ್ಟ ಗಾಳಿ ಹೋಗುವ ತನಕ ಕಾದರು. ಆಮೇಲೆ ಗೊಟ್ಲಪ್ಪ ಮುಂದೆ, ಹಿಂದೆ ನಾಲ್ಕು ಮಂದಿ. ಕಂಬಗಳೆಲ್ಲ ಇದ್ದಿಲಾಗಿದ್ದವು. ಮೊದಲನೆಯ ತಿರುವು ದಾಟಿದರು. ಎರಡನೆಯ ತಿರುವಿನಲ್ಲಿ, ಹೊಸ ಕವಲು ಇದ್ದ ಕಡೆ, ಕವಲೇ ಇಲ್ಲ! ನೆಲದಿಂದ ಮೇಲಿನ ಬಂಡೆಯ ತನಕ ಒಂದು ಗೋಡೆ. ಮಣ್ಣು ಬೆಂಕಿಗೆ ಸುಟ್ಟು ಗಡಿಗೆಯ ಹಾಗೆ ಕೆಂಪಾಗಿತ್ತು. ಅದರ ಬುಡದಲ್ಲಿ ರುದ್ರಪ್ಪ ಒರಗಿ ಕೂತಿದ್ದ. ಜೀವ ಇರಲಿಲ್ಲ.

ಗೊಟ್ಲಪ್ಪ ಕಂದೀಲು ಎತ್ತಿ ಹಿಡಿದ. ಆ ನಾಲ್ಕು ಮಂದಿ ಸಾಯುವ ತನಕ ಹೇಳಿದ್ದು ಇದನ್ನೇ. ಗೋಡೆಯ ತುಂಬ ಕೈಗಳಿದ್ದವು. ಬೆರಳು, ಅಂಗೈ, ಹೆಬ್ಬೆರಳು ಒತ್ತಿದ ಕುಳಿ. ಎಲ್ಲವೂ ಹೊರಮೈಯಲ್ಲಿ. ಬೆಂಕಿಯ ಕಡೆಯ ಮೈಯಲ್ಲಿ.

ಗೋಡೆ ಮೆತ್ತಿದವನು ಹೊರಗೆ ನಿಂತು ಮೆತ್ತಿದ್ದ.

ಹಾಗಾದರೆ ಒಳಗೆ? ಗೊಟ್ಲಪ್ಪ ಮಗನ ಕೈಗುರುತಿನ ಮೇಲೆ ತನ್ನ ಕೈ ಇಟ್ಟ. ಗೋಡೆಗೆ ಬಾಯಿ ಹಚ್ಚಿ ಕೇಳಿದ: "ಅದೀರೇನು?"

ಬಹಳ ಹೊತ್ತಾದ ಮೇಲೆ, ಗೋಡೆಯ ಆಚೆಯಿಂದ, ನೊಣದಷ್ಟು ಸಣ್ಣ ದನಿ: "ಅದೀವಿ."

ದ್ಯಾಮಣ್ಣ, ಬಾಳಪ್ಪ, ಇಬ್ಬರೂ ಬದುಕಿದ್ದರು. ಬಂಡೆಯಿಂದ ಜಿನುಗುವ ನೀರು ನೆಕ್ಕಿಕೊಂಡು ಬದುಕಿದ್ದರು. ಹೊರಗೆ ತಂದು ಮಲಗಿಸಿದ ಮೇಲೆ ದ್ಯಾಮಣ್ಣ ತೆವಳಿಕೊಂಡು ಹೋಗಿ ಮಾರ್ತವ್ವನ ಕಾಲು ಹಿಡಿದ.

"ದೀಪ ಇಟ್ಟಾಂವ ನಾನವ್ವಾ," ಅಂದ. "ಪಣತಿ ಹಚ್ಚಿದ್ದು ಕವಲಿನ ಬಾಯಾಗ. ಸಿಡಿದದ್ದು ಸುರಂಗದ ಕಡೀಗೆ ಹೋತು. ನಾವು ಒಳಗ ಬಿದ್ವಿ. ಹೊರಗ ಹೋಗಾಕ ದಾರಿ ಇರಲಿಲ್ಲ. ಮಣ್ಣಿನ ಗುಡ್ಡಿ ಕವಲಿನ ಹೊರಗ, ಬೆಂಕಿ ಕಡೆ ಇತ್ತು, ಒಳಗ ತರಾಕ ಹೊತ್ತಿರಲಿಲ್ಲ. ಕಾಕಾ, ನೀ ಒಳಗ ನಡಿ, ಒಂದ ಕೈ ಮೆತ್ತಿ ಬರ್ತೀನಿ ಅಂದ ರುದ್ರಪ್ಪ. ಬಾರೋ ಬಾರೋ ಅಂದೆ. ಬಂದೆ ಬಂದೆ ಅಂತ ಅಂದಕೋತ ಮೆತ್ತಿದ. ತೂತು ಸಣ್ಣದಾತು. ಕಡೀಗೆ ಅವನ ಕೈ ಮಾತ್ರ ಕಾಣಸ್ತು. ಆಮ್ಯಾಲ ಅದೂ ಕಾಣಲಿಲ್ಲ. ಮೆತ್ತೂ ಸಪ್ಪಳ ಬಾಳ ಹೊತ್ತು ಕೇಳಸ್ತು, ಎವ್ವಾ."

ಮಾರ್ತವ್ವ ಅವನನ್ನು ಒದೆಯುತ್ತಾಳೆ ಅಂತ ಊರವರು ಅಂದುಕೊಂಡರು. ಒದ್ದಿದ್ದರೆ ತಪ್ಪು ಅನ್ನುವವರು ಯಾರೂ ಇರಲಿಲ್ಲ. ಅವಳು ಎದ್ದಳು, ಗಣಿಯೊಳಗೆ ಹೋದಳು. ಮಗನ ಕೈಗುರುತುಗಳನ್ನು ಒಂದೊಂದಾಗಿ ಮುಟ್ಟಿ ಬಂದಳು. ಬಂದವಳು ಗಂಡನ ಪಕ್ಕದಲ್ಲಿ ಕೂತಳು. "ಅಪ್ಪ ಮಗ ಇಬ್ಬರೂ ಒಂದೇ ಗೋಡೆ ಕಟ್ಟಿದಿರಿ," ಅಂದಳಂತೆ. ಅಪ್ಪ ಬಾಯಿ ಮುಚ್ಚದಿದ್ದರೆ ಬೆಂಕಿ ಆ ಗೋಡೆಯನ್ನೂ ನುಂಗುತ್ತಿತ್ತು ಅಂತ ಅವಳು ಬಲ್ಲವಳು. ಆಮೇಲೆ ದ್ಯಾಮಣ್ಣನ ಕಡೆ ನೋಡಿ, ಇವನಿಗೆ ಯಾರಾದರೂ ಗಂಜಿ ಕೊಡಿ ಅಂದಳು. ಆಗ ಗೊಟ್ಲಪ್ಪ ಅತ್ತ. ಆ ಅಳು ಗುಡ್ಡದ ಆಚೆಯ ಊರಿಗೂ ಕೇಳಿಸಿತು ಅಂತಾರೆ. ಕೈ ಸೇದಿ ಹೋಗಲಿ ಅಂದಿದ್ದ ತಿಪ್ಪವ್ವ ಆ ಕೈಗಳನ್ನು ನೀರು ಹಾಕಿ ತೊಳೆದಳು.

ಟೋಪಿಯವರು ಗಣಿ ಬಿಟ್ಟು ಹೋದರು. ಗೊಟ್ಲಪ್ಪ, ಮಾರ್ತವ್ವ ಹೋಗಲಿಲ್ಲ. ಇಲ್ಲಿಯೇ ಜೋಳ ಬಿತ್ತಿ ಬಾಳಿದರು, ಇಲ್ಲಿಯೇ ಮಣ್ಣಾದರು.

ಇಂದಿಗೂ ಕರಿಗುಡ್ಡದಲ್ಲಿ ಹೊಸ ಮನೆ ಕಟ್ಟಿದರೆ, ಹೊರಗೋಡೆಯ ಕೊನೆಯ ಹಿಡಿ ಮಣ್ಣನ್ನು ಮನೆಯ ಯಜಮಾನನೇ ಮೆತ್ತುತ್ತಾನೆ. ಮೆತ್ತಿದ್ದನ್ನು ಸವರುವುದಿಲ್ಲ, ಅಂಗೈ ಗುರುತು ಹಾಗೇ ಬಿಡುತ್ತಾರೆ. ಸುಣ್ಣ ಹಚ್ಚುವಾಗಲೂ ಅದನ್ನು ಬಿಟ್ಟು ಸುತ್ತ ಹಚ್ಚುತ್ತಾರೆ. ಈಗ ಸಿಮೆಂಟಿನ ಮನೆಗಳಾಗಿವೆ. ಹೋದ ವರ್ಷ ಹೊರಗಿನಿಂದ ಬಂದ ಗೌಂಡಿಯೊಬ್ಬ ಸೊಟ್ಟಗೆ ಕಾಣುತ್ತದೆ ಅಂತ ಅದನ್ನು ನುಣ್ಣಗೆ ಸವರಿಬಿಟ್ಟ. ಊರು ಅವನ ಮೇಲೆ ಹಾರಿ ಬಿತ್ತು. ಪಾಪ, ಅವನಿಗೆ ಏನು ಗೊತ್ತು! ಕತೆ ಕೇಳಿದ ಮೇಲೆ ಯಜಮಾನ ಮತ್ತೆ ಅಂಗೈ ಒತ್ತಲಿ ಅಂತ ತಾನೇ ಸಿಮೆಂಟು ಕಲಸಿ ಕೊಟ್ಟ.

ಯಜಮಾನ ಆ ಗುರುತಿನ ಮೇಲೆ ಕೈ ಇಟ್ಟು, ಒಳಗಿರುವ ಹೆಂಡಿರು ಮಕ್ಕಳನ್ನು ಕೇಳುತ್ತಾನೆ: "ಅದೀರೇನು?"

ಒಳಗಿನವರು ಅನ್ನುತ್ತಾರೆ: "ಅದೀವಿ."

ಆಮೇಲೆಯೇ ಆ ಮನೆಯಲ್ಲಿ ಒಲೆ ಹಚ್ಚುವುದು.